ಓನರ್ ಇಲ್ಲದ ಕಾಲೇಜು

ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಕಥೆಯನ್ನು ನಮ್ಮ ಮನೆಯವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅಲ್ಲಿಯ ಮೇಡಂ ಒಬ್ಬರು ವರ್ಷವರ್ಷವೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬರುತ್ತಿದ್ದರು. ಅವರಿಗೆ ಮರ ತೋರಿಸುತ್ತ ತಿರುಗುತ್ತಿದ್ದವರು ಇವರು. ಕಥೆ ಆ ಮೇಡಂ ಬಾಯಿಂದ ಕೇಳಿದ್ದು: ಮೊದಲು ಯಾರೋ ಮೇಷ್ಟ್ರು ಬಾಡಿಗೆ ಮನೆಯಲ್ಲಿ, ಹಗಲು ದುಡಿಯುವವರಿಗೆಂದು ಸಂಜೆ ಶಾಲೆ ತೆರೆದರಂತೆ. ಅದು ಬೆಳೆದು ಕಾಲೇಜಾಯಿತಂತೆ. ಯುದ್ಧದಲ್ಲಿ ಸುಟ್ಟುಹೋಯಿತಂತೆ. ಅಷ್ಟರಲ್ಲಿ ನಾನು ಸಾರು ಬಿಸಿ ಮಾಡಲು ಏಳುತ್ತಿದ್ದೆ. ಮಗಳು ಮಾತ್ರ ಎಂಜಲು ಕೈ ಒಣಗುವವರೆಗೂ ಕೂತು ಕೇಳುತ್ತಿದ್ದಳು.

ಅವಳು ಪಿಯುಸಿ ಮುಗಿಸಿ ಅಲ್ಲಿಗೇ ಅರ್ಜಿ ಹಾಕಿದಳು. ಅಪ್ಪ ಮಗಳು ಸೇರಿ ಕಟ್ಟಿಕೊಂಡಿದ್ದ ಆಸೆ ಅದು. ಸಂದರ್ಶನ ಬಾಕಿ ಇರುವಾಗಲೇ ಇವರು ತೀರಿಹೋದರು.

ತಿಥಿಗೆ ಆ ಮೇಡಂ ಬಂದರು. ನಮ್ಮ ಭಾವ, ಅಂದರೆ ಇವರ ಅಣ್ಣ, ಎಡೆ ಇಡುವ ಮೊದಲೇ ಆಕೆಗೆ ಪೇಟ ತೊಡಿಸಿ, ಶಾಲು ಹೊದಿಸಿ, ಫೋಟೊದ ಪಕ್ಕದಲ್ಲೇ ಕುರ್ಚಿ ಹಾಕಿಸಿದರು.

“ಯಾರ್ದು ಮೇಡಂ ಆ ಕಾಲೇಜು? ಓನರ್ರು ಯಾರು?”

“ಓನರ್ ಇಲ್ಲ,” ಎಂದರು ಮೇಡಂ, ಒಂದೊಂದೇ ಕನ್ನಡ ಪದ ಜೋಡಿಸುತ್ತ. “ಆಡಳಿತ ಮಂಡಳಿ ಇದೆ. ಅದರಲ್ಲಿ ಹಳೆ ವಿದ್ಯಾರ್ಥಿಗಳು, ಪ್ರೊಫೆಸರ್‌ಗಳು.”

“ಓನರಿಲ್ದೆ ಪ್ರೈವೇಟ್ ಕಾಲೇಜಾ? ಮದ್ದೂರಿಂದ ಮಳವಳ್ಳಿಗಂಟ ನಾ ಕಾಣ್ದಿರೋ ಕಾಲೇಜಾ, ಬುಡಿ ಮೇಡಂ!”

ನೆಂಟರು ನಕ್ಕರು. ಭಾವ ಯಾರೋ ಮುಖಂಡರಿಗೆ ಫೋನು ಹಚ್ಚಿ ಮೇಡಂ ಕಿವಿಗೇ ಹಿಡಿದರು. “ನಮ್ ಲೀಡ್ರು ಲೈನ್ನಾಗವ್ರೆ. ಒಂದ್ ಮಾತಾಡ್ಬುಡಿ. ಉಡ್ಗಿ ಸೀಟು ಗ್ಯಾರಂಟಿ ಆಗ್ಲಿ.”

“ಬ್ಯಾಡ ದೊಡ್ಡಪ್ಪ,” ಎಂದಳು ಮಗಳು.

ನಾನು ತಡೆಯಲಿಲ್ಲ. ತಡೆಯದಿದ್ದರೆ ಹೋಗಲಿ, ಕೈ ಮುಗಿದು ನಿಂತೆ. “ಅವ್ರ ಮಕ ನೋಡ್ಕಂಡಾದ್ರೂ ಒಂದ್ ಸೀಟ್ ಕೊಡ್ಸಿ ಮೇಡಂ.”

ಮೇಡಂ ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. “ಸಂದರ್ಶನ ಮಾಡುವವರಲ್ಲಿ ನಾನೂ ಇದ್ದೆ. ನೀವು ಹೀಗೆ ಕೇಳಿದ ಮೇಲೆ ಕೂರುವಂತಿಲ್ಲ. ಸಮಿತಿಗೆ ತಿಳಿಸಿ ಹೊರಗಿರಬೇಕು. ಅಲ್ಲಿಯ ಪದ್ಧತಿ.” ಆಮೇಲೆ ಫೋಟೊ ಕಡೆ ನೋಡಿ, “ಅವರು ನಿಮಗೆ ಹೇಳಿರಲಿಲ್ಲವೇ?” ಎಂದರು.

ಹೇಳಲು ಅವರು ಯಾವತ್ತೂ ಬೇಸರಪಟ್ಟವರಲ್ಲ.

“ಬಿಗಿ ಮಾಡ್ತಾವ್ರೆ ಕಣವ್ವ, ಆಮ್ಯಾಕ್ ಒಪ್ಕತಾರೆ,” ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು. ಮಗಳು ನನ್ನ ಮುಖ ನೋಡಲಿಲ್ಲ. ಆ ಸಮಿತಿಯಲ್ಲಿ ಅವಳನ್ನು ಬಲ್ಲ ಒಬ್ಬರೇ ಒಬ್ಬರನ್ನು ಅವಳ ಅಪ್ಪನ ತಿಥಿಯ ದಿನವೇ ನಾನು ಹೊರಗೆ ಕಳಿಸಿದ್ದೆ. ಎಡೆಯ ಮುಂದೆ ಬಗ್ಗಿದ ನನಗೆ ಇವರ ಫೋಟೊ ಕಡೆ ತಲೆ ಎತ್ತಲು ಆಗಲಿಲ್ಲ.

ಸಂದರ್ಶನ ನಾಳೆ. ಕಂಪ್ಯೂಟರಿನಲ್ಲಿ ಕಾಣಿಸುವವರೆಲ್ಲ ಅವಳಿಗೆ ಹೊಸಬರು. ಈ ಸಂಜೆ ಅವಳು ಕೋಣೆಯಲ್ಲಿ ಅಪ್ಪ ಹೇಳುತ್ತಿದ್ದ ಆ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಿದ್ದಳು. ಸುಟ್ಟುಹೋದ ಕಡೆಗೆ ಬಂದಳು. ನನ್ನ ಕಾಲು ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿತ್ತು; ನಿಂತೆ.

“ಸುಟ್ಟ ಮೇಲೆ, ಅಲ್ಲಿ ಓದಿ ಹೋಗಿದ್ದವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಬೂದಿ ಎತ್ತಿದರು, ಗೋಡೆ ಕಟ್ಟಿದರು. ಕಟ್ಟಿದವರು ಯಾರೂ ನನ್ನದು ಅನ್ನಲಿಲ್ಲ. ಅದಕ್ಕೇ ಓನರ್ ಇಲ್ಲ.”

ನನ್ನನ್ನು ಕಂಡು ನಿಲ್ಲಿಸಿದಳು. “ಏನವ್ವ?”

“ಏನಿಲ್ಲ ಕಣವ್ವ. ಯೋಳು.”

ಹೊಸ್ತಿಲ ಹತ್ತಿರ ಕೂತೆ. ಒಲೆಯ ಮೇಲೆ ಸಾರು ಉಕ್ಕಿದ ಸದ್ದಾಯಿತು. ನಾನು ಏಳಲಿಲ್ಲ.