ಅಡ್ಮಿರಲ್ ಸಾಹೇಬರ ಬಾಯಾರಿಕೆ

ಸತ್ತವರು ಕನಸಿನಲ್ಲಿ ಬಂದು ಅನ್ನ ಕೇಳಿದರು, ನೀರು ಕೇಳಿದರು ಎನ್ನುವುದೆಲ್ಲ ಹೊಟ್ಟೆ ತುಂಬಿದವರ ಕತೆ ಎಂದು ನಂಬಿದವಳು ನಾನು. ನಮ್ಮ ಸೋದರತ್ತೆ ಇಂಥದ್ದನ್ನು ಶುರು ಮಾಡಿದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗಲೂ ನಾನೇನು ಬದಲಾಗಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಇಲ್ಲಿ ಟೋಕಿಯೋದಲ್ಲಿ ನಡೆದ ಒಂದು ಸಂಗತಿ ಮಾತ್ರ ಬಾಯಲ್ಲಿಟ್ಟ ಬಿಸಿತುಪ್ಪ ಆಗಿದೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಫುನಾಬೊರಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಓನಿಶಿ ಸಾನ್ ಇದ್ದರು. ಎಂಬತ್ತು ದಾಟಿದ ಒಂಟಿ ಹೆಂಗಸು. ಪರಿಚಯವಾದದ್ದೇ ಜಗಳದಿಂದ. ಪ್ಲಾಸ್ಟಿಕ್ ಕಸದ ದಿನ ನಾನು ತೆಂಗಿನ ಚಿಪ್ಪು ಹಾಕಿದ್ದೆ. ಅವರು ಅದನ್ನು ತಂದು ನನ್ನ ಬಾಗಿಲಿಗೇ ಇಟ್ಟು ಹೋದರು. ನಾನೇನು ಕಮ್ಮಿಯೇ? ಮಾರನೆಯ ದಿನ ಅವರ ಬಾಗಿಲಲ್ಲಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇಟ್ಟು ಬಂದೆ. ಅಲ್ಲಿಂದ ಮುಂದೆ ಇಬ್ಬರೂ ಗಳಸ್ಯ ಕಂಠಸ್ಯ. ನನ್ನನ್ನು ಅವರು ಹೆಸರು ಹಿಡಿದು ಕರೆಯಲೇ ಇಲ್ಲ, ಕೊನೆಯವರೆಗೂ ‘ಓಕು-ಸಾನ್’, ಅಂದರೆ ಮನೆಯೊಡತಿ.

ಅವರ ತಂದೆ ಯುದ್ಧದ ಕಾಲದಲ್ಲಿ ಹಡಗಿನ ಅಡುಗೆಯವರು. ಹಡಗು ಮುಳುಗಿದಾಗ ಒಂದು ಹಲಗೆ ಹಿಡಿದು ತೇಲುತ್ತಿದ್ದರು. ಅವರ ಪಡೆಯ ಅಡ್ಮಿರಲ್ಲರ ಹಡಗು ಪಕ್ಕದಲ್ಲೇ ಹಾದುಹೋಯಿತು, ಮುಖ ಗುರುತು ಸಿಗುವಷ್ಟು ಹತ್ತಿರ. ನಿಲ್ಲಿಸಬೇಡಿ ಎಂದು ಅಡ್ಮಿರಲ್ಲರದೇ ಅಪ್ಪಣೆಯಾಯಿತು. ಮೂರು ದಿನ ‘ಮಿಜು, ಮಿಜು’, ನೀರು, ನೀರು ಎಂದು ಕೂಗಿ, ಕೊನೆಗೆ ಸಮುದ್ರದ ನೀರನ್ನೇ ಕುಡಿದು, ಹುಚ್ಚು ಹಿಡಿದು ಸತ್ತರಂತೆ. ಜೊತೆಗಿದ್ದು ಬದುಕಿದ ನಾವಿಕನೊಬ್ಬ ಮನೆಗೆ ಬಂದು ಹೇಳಿದಾಗ ಓನಿಶಿ ಸಾನ್ ಏಳು ವರ್ಷದ ಹುಡುಗಿ.

ಅಡ್ಮಿರಲ್ ಸಾಹೇಬರಿಗೆ ಏನಾಯಿತು? ಆ ಕದನಕ್ಕೆ ಪದಕ ಬಂತು, ಬಡ್ತಿ ಬಂತು. ಯುದ್ಧ ಸೋತ ಮೇಲೂ ಒಂದು ಕೂದಲು ಕೊಂಕಲಿಲ್ಲ. ಸೇವಂತಿಗೆ ಬೆಳೆಸಿದರು, ಬಹುಮಾನ ಪಡೆದರು, ದಪ್ಪನೆಯ ಆತ್ಮಕಥೆ ಬರೆದರು. ಅದರಲ್ಲಿ ಎಳೆವಯಸ್ಸಿನ ನೌಕಾಶಾಲೆಯಿಂದ ಹಿಡಿದು ಎಲ್ಲ ಹಡಗುಗಳ ಹೆಸರೂ ಇದೆ, ನೀರಿನಲ್ಲಿ ಬಿಟ್ಟುಹೋದವರ ಸೊಲ್ಲೇ ಇಲ್ಲ. ತೊಂಬತ್ತು ದಾಟಿ ಮೊಮ್ಮಕ್ಕಳ ನಡುವೆ ಮಲಗಿದಲ್ಲೇ ತೀರಿಕೊಂಡರು. ಪಾಪಿ ಚಿರಾಯು ಅಂತ ಸುಮ್ಮನೆ ಹೇಳುತ್ತಾರೆಯೇ? ಅವರ ಹೆಸರು ನಾನು ಬರೆಯುವುದಿಲ್ಲ, ಆ ಮೊಮ್ಮಕ್ಕಳೇನು ತಪ್ಪು ಮಾಡಿದ್ದಾರೆ.

ಸೆಪ್ಟೆಂಬರಿನಲ್ಲಿ ಹಿಗಾನ್ ಎಂಬ ವಾರ ಬರುತ್ತದೆ. ಜಪಾನಿನವರು ಹಿರಿಯರ ಸಮಾಧಿಗೆ ಹೋಗಿ ಕಲ್ಲು ತೊಳೆದು ನೀರೆರೆಯುವ ದಿನಗಳು. ಓನಿಶಿ ಸಾನ್ ಆ ವಾರ ರೈಲು ಹತ್ತಿ ಅಡ್ಮಿರಲ್ಲರ ಊರಿಗೆ ಹೋಗುತ್ತಿದ್ದರು. ಮೊದಲು ಕಡಲ ತೀರಕ್ಕೆ ಇಳಿದು ಎರಡು ಲೀಟರಿನ ಬಾಟಲಿಗೆ ಉಪ್ಪುನೀರು ತುಂಬಿ, ಆಮೇಲೆ ಗುಡ್ಡ ಹತ್ತಿ ಆತನ ಸಮಾಧಿಯ ಮೇಲೆ ಸೌಟು ಸೌಟಾಗಿ ಸುರಿಯುವುದು. ‘ಕುಡಿ, ಕಕ್ಕಾ.’ ಕಕ್ಕಾ ಎಂದರೆ ಜಪಾನಿಯಲ್ಲಿ ಮಹಾಪ್ರಭು. ನಮ್ಮಲ್ಲಿ ಮಕ್ಕಳ ಬಾಯಲ್ಲಿ ಅದಕ್ಕೆ ಏನರ್ಥ ಎಂದು ಹೇಳಿದಾಗ ಸ್ಮಶಾನದಲ್ಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಎರಡು ವರ್ಷ ನಾನೂ ಬಾಟಲಿ ಹೊತ್ತಿದ್ದೇನೆ. ಸುರಿದ ಮಾರನೆಯ ದಿನ ಆತ ತಮ್ಮ ಹಾಸಿಗೆಯ ಕಾಲ ಬಳಿ ಬಂದು ನಿಲ್ಲುತ್ತಾನೆ, ತುಟಿ ಒಡೆದಿರುತ್ತದೆ, ನೀರು ಕೇಳುತ್ತಾನೆ, ತಾವು ಕೊಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆ.

ಮೂರನೆಯ ವರ್ಷ ಅವರು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರು. ಹಿಗಾನ್ ಬಂತು. ನನ್ನ ಕೈ ಹಿಡಿದು, ‘ಓಕು-ಸಾನ್, ನೀವೇ ಹೋಗಿ. ಒಂದು ಹನಿ ಸಿಹಿನೀರು ಅವನಿಗೆ ಸಿಗಬಾರದು. ನಾನಿರುವಷ್ಟು ದಿನ ಅವನು ಒಣಗಬೇಕು,’ ಎಂದರು. ಹೂಂ ಎಂದೆ.

ಹೋದೆ. ನಡು ಮಧ್ಯಾಹ್ನ. ಬಾಟಲಿ ತುಂಬಿಕೊಂಡು ಗುಡ್ಡ ಹತ್ತಿದೆ. ಆಗಲೇ ನೆನಪಾಯಿತು, ಅದು ಪಿತೃಪಕ್ಷ. ನಮ್ಮಪ್ಪ ತರ್ಪಣಕ್ಕೆ ಕೂರುತ್ತಿದ್ದ ದಿನಗಳು. ಇಂಥ ದಿನ ಸತ್ತವನಿಗೆ ಉಪ್ಪುನೀರು ಕುಡಿಸುವುದೇ? ಸುಡುಗಾಡು ಕನಿಕರ ನನ್ನದು! ಬಾಟಲಿಯನ್ನು ಚರಂಡಿಗೆ ಬಗ್ಗಿಸಿ, ಅಲ್ಲಿದ್ದ ನಲ್ಲಿಯಿಂದ ಬಕೆಟ್ಟಿಗೆ ಸಿಹಿನೀರು ಹಿಡಿದೆ. ಗುಡ್ಡದ ಕೆಳಗಿನ ಕೊಂಬಿನಿ ಅಂಗಡಿಗೆ ಇಳಿದು ಹೋಗಿ ಒಂದು ಪೊಟ್ಟಣ ಕರಿಎಳ್ಳು ತಂದೆ. ಹೆಂಗಸರು ತರ್ಪಣ ಕೊಡಬಾರದು ಎನ್ನುತ್ತಾರೆ, ಕೇಳುವವರು ಯಾರು? ಎಳ್ಳು ಹಾಕಿ, ಅಪ್ಪ ಮಾಡುತ್ತಿದ್ದ ಹಾಗೆಯೇ ಬಲಗೈ ಹೆಬ್ಬೆರಳ ಪಕ್ಕದಿಂದ ಜಾರಿಸಿ ಮೂರು ಸಲ ಬಿಟ್ಟೆ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿದೆ. ಗಂಡನಿಗೂ ಹೇಳಲಿಲ್ಲ.

ಮಾರನೆಯ ದಿನ ಸಂಜೆ ಆಸ್ಪತ್ರೆಗೆ ಹೋಗಿ, ‘ಆಯಿತು ಓನಿಶಿ ಸಾನ್, ಪೂರ್ತಿ ಬಾಟಲಿ,’ ಎಂದೆ.

‘ಸುಳ್ಳು,’ ಎಂದರು. ದನಿ ಏರಿರಲಿಲ್ಲ. ‘ಬೆಳಿಗ್ಗೆ ಬಂದಿದ್ದ. ತುಟಿ ಒದ್ದೆಯಾಗಿತ್ತು. ಬಗ್ಗಿ ನಮಸ್ಕಾರ ಮಾಡಿದ, ನನಗೆ! ಮೀಸೆಯಲ್ಲಿ ಕರಿಎಳ್ಳು ಅಂಟಿತ್ತು. ಆ ಹೆಂಗಸು ಸೌಟಿನಲ್ಲಿ ಕೊಡಲಿಲ್ಲ, ಕೈಯಿಂದ ಕೊಟ್ಟಳು, ಹೀಗೆ, ಎಂದು ತೋರಿಸಿದ.’ ತಮ್ಮ ಬಲಗೈ ಎತ್ತಿ, ಅಂಗೈ ಬಗ್ಗಿಸಿ, ಹೆಬ್ಬೆರಳನ್ನು ಹೊರಗೆ ಚಾಚಿ ತೋರಿಸಿದರು. ನಮ್ಮಪ್ಪನ ಕೈಯೇ.

ತಪ್ಪಾಯಿತು, ಸುಮಿಮಾಸೆನ್, ಸುಮಿಮಾಸೆನ್ ಎಂದು ಬಡಬಡಿಸಿದೆ. ಅವರು ನನ್ನನ್ನೇ ನೋಡುತ್ತಾ ಒಂದೇ ಮಾತು ಕೇಳಿದರು.

‘ಅವನಿಗೆ ಕೊಟ್ಟಿರಿ. ನಮ್ಮಪ್ಪನಿಗೆ ಕೊಟ್ಟಿರಾ?’

ಕೊಟ್ಟಿರಲಿಲ್ಲ. ಬಕೆಟ್ ತುಂಬ ನೀರಿತ್ತು, ಗುಡ್ಡದ ಕೆಳಗೇ ಸಮುದ್ರ ಕಾಣುತ್ತಿತ್ತು, ಆ ಮನುಷ್ಯ ನನಗೆ ನೆನಪೇ ಆಗಿರಲಿಲ್ಲ. ಕೊಂದವನ ಮೇಲೆ ಉಕ್ಕಿದ ಕನಿಕರ ಸತ್ತವನ ಮೇಲೆ ಉಕ್ಕಲಿಲ್ಲ.

ಅವರ ತುಟಿ ಒಣಗಿತ್ತು. ಲೋಟ ಹಿಡಿದೆ. ಬಾಯಿ ಬಿಗಿದು ಗೋಡೆಗೆ ಮುಖ ತಿರುಗಿಸಿದರು. ಹನ್ನೆರಡು ದಿನ ಹೋದೆ. ನರ್ಸ್ ಕೊಟ್ಟರೆ ಕುಡಿಯುತ್ತಿದ್ದರು, ನನ್ನ ಕೈಯಿಂದ ಒಂದು ಗುಟುಕು ತೆಗೆದುಕೊಳ್ಳಲಿಲ್ಲ. ಹದಿಮೂರನೆಯ ದಿನ ಮಂಚ ಖಾಲಿ ಇತ್ತು.

ಗಂಡನಿಗೆ ಆಗ ಹೇಳಿದೆ. ‘ಇಲ್ಲದ ಉಸಾಬರಿ ನಿಂಗ್ಯಾಕೆ ಬೇಕಿತ್ತು? ಎಳ್ಳು ಬ್ಯಾಗಿಗೆ ಅಂಟ್ಕೊಂಡಿರುತ್ತೆ ಕಣೇ, ನೋಡಿ ಗೆಸ್ ಮಾಡಿದ್ದಾರೆ,’ ಎಂದರು. ಇರಬಹುದು. ಆದರೆ ಆ ಕೈ? ನಮ್ಮ ತರ್ಪಣ ಕಂಡು ಕೇಳರಿಯದ ಹೆಂಗಸಿಗೆ ಹೆಬ್ಬೆರಳು ಹೇಗೆ ತಿಳಿಯಿತು?

ಈಗ ಪ್ರತಿ ಹಿಗಾನಿಗೆ ನಾನು ಆ ಊರಿಗೆ ಹೋಗುತ್ತೇನೆ. ಮನೆಯಿಂದ ಒಂದು ಬಾಟಲಿ ಸಿಹಿನೀರು ಒಯ್ದು, ಮೊಣಕಾಲುದ್ದ ಸಮುದ್ರಕ್ಕಿಳಿದು, ಹೆಸರು ಗೊತ್ತಿಲ್ಲದ ಆ ಅಡುಗೆಯವರಿಗೆ ಬಿಡುತ್ತೇನೆ. ಆಮೇಲೆ ಅದೇ ಬಾಟಲಿಗೆ ಉಪ್ಪುನೀರು ತುಂಬಿಕೊಂಡು ಗುಡ್ಡ ಹತ್ತುತ್ತೇನೆ. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಬೇಡಿ. ನಂಬುವುದಿಲ್ಲ. ಆದರೂ ಬಾಟಲಿಯನ್ನು ತಲೆಕೆಳಗು ಮಾಡಿ, ಕೊಡವಿ, ಕೊನೆಯ ಹನಿಯನ್ನೂ ಆ ಕಲ್ಲಿಗೇ ಕುಡಿಸಿ ಬರುತ್ತೇನೆ.