ಊದಿದರೆ ಬಂದುಬಿಡಿ

ನನ್ನ ಹೆಂಡತಿಯ ಅಣ್ಣ ಮುನಿಶಾಮಿ ನಾದಸ್ವರ ಊದುವವನು, ನಾನು ಅವನ ಪಕ್ಕದಲ್ಲಿ ಡೋಲು ಬಾರಿಸುವವನು. ಗೌನಿಪಲ್ಲಿಯ ಸುತ್ತಮುತ್ತ ನಮ್ಮ ಓಲಗವಿಲ್ಲದೆ ತಾಳಿ ಕಟ್ಟಿಸಿಕೊಂಡವರು ಕಡಿಮೆ. ಮನುಷ್ಯ ಮೂಗಬಸವ. ಹೇಳಬೇಕಾದ್ದನ್ನೆಲ್ಲ ಊದಿಯೇ ಮುಗಿಸುತ್ತಾನೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಆಡಿ ನನ್ನ ಗಂಟಲು ಕೆಟ್ಟಿದೆ.

ಮಕ್ಕಳಿಲ್ಲದ ಅವನಿಗೆ ನನ್ನ ಮಗಳು ಗಂಗಾ ಅಂದರೆ ಪ್ರಾಣ. ಅವಳು ತೊಟ್ಟಿಲಲ್ಲಿದ್ದಾಗಲೇ, "ಇವಳ ಮದುವೇಲಿ ಗಟ್ಟಿಮೇಳ ನಂದು ಬಾವ. ಬೇರೆಯವರನ್ನ ಕರೆದ್ಯೋ, ನೋಡು ಮತ್ತೆ" ಎಂದಿದ್ದ. ಈ ವರ್ಷ ಅವಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಂಚುತ್ತಿರುವಾಗಲೇ ಇವನಿಗೆ ಹೊಟ್ಟೆನೋವು ಶುರುವಾಯಿತು.

ಹೊಕ್ಕುಳ ಸುತ್ತ ಹಿಡಿದ ನೋವು ಬಲಗಡೆ ಕೆಳಕ್ಕೆ ಇಳಿಯಿತು. ಹೊಟ್ಟೆ ಕುಯ್ದರೆ ಮತ್ತೆ ದಮ್ಮು ಕಟ್ಟಿ ಊದಲಾಗುವುದಿಲ್ಲವೆಂಬ ಹೆದರಿಕೆಗೆ ಇವನು ಬಾಯೇ ಬಿಡಲಿಲ್ಲ. ಸೋಡಾ ಕುಡಿದ, ಓಮ ಅಗಿದ. ಕೊನೆಗೆ ಜ್ವರ ಏರಿ ಹಿತ್ತಲಲ್ಲಿ ಕುಸಿದಾಗ ಅವನ ಹೆಂಡತಿ ಶಾಮಲಮ್ಮ ನನ್ನನ್ನು ಕೂಗಿದಳು. ಬಾಯಿಗೆ ಬಂದಷ್ಟೂ ತೆಲುಗಿನಲ್ಲಿ ಬೈಯುತ್ತಾ ಅವನನ್ನು ಕಾರಿಗೆ ಹತ್ತಿಸಿ ಕೋಲಾರದ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ಸಬಾ ಮೇಡಂ ಸ್ಕ್ಯಾನ್ ನೋಡಿ, "ಅಪೆಂಡಿಕ್ಸ್ ಊದಿದೆ. ಒಡೆದಿಲ್ಲ, ನಿಮ್ಮ ಪುಣ್ಯ" ಅಂದರು. "ಎಲ್ಲರಿಗೂ ಆಗಲ್ಲ, ನಿಮಗೆ ಕುಯ್ಯದೇನೇ ನೋಡಬಹುದು. ಹಿಂದಿನಿಂದ ಕ್ಯಾಮೆರಾ ಇರೋ ಪೈಪ್ ಕಳಿಸಿ, ಅಪೆಂಡಿಕ್ಸ್ ಬಾಯಲ್ಲಿ ಸಿಕ್ಕಿಕೊಂಡಿರೋದನ್ನ ತೊಳೆದು, ಕೀವು ಇಳಿಯೋಕೆ ಒಂದು ಸಣ್ಣ ನಳಿಗೆ ಇಡ್ತೀವಿ."

ಹಿಂದಿನಿಂದ ಅಂದ ಕೂಡಲೇ ಮುನಿಶಾಮಿ ನನ್ನ ಮುಖ ನೋಡಿದ. "ಇಷ್ಟು ವರ್ಷ ಮುಂದಿಂದ ಊದಿದ್ಯಲ್ಲ, ಈಗ ಅನುಭವಿಸು" ಅಂದೆ. ಆ ನೋವಿನಲ್ಲೂ ನಕ್ಕ. ನಾದಸ್ವರದ ತುದಿಯಲ್ಲಿ ತುಟಿಗೆ ಹಿಡಿಯುವ ಸೀವಾಳಿಯನ್ನು ನೆನೆದು, "ಸೀವಾಳಿ ಕಟ್ಕೊಂಡ್ರೆ ನಾವು ಕಡ್ಡಿ ಹಾಕಿ ಬಿಡಿಸಲ್ವಾ, ಹಂಗೇ ಬಿಡು" ಅಂದ.

ಎಲ್ಲ ಸುಸೂತ್ರವಾಗಿ ಆಯಿತು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಮನೆಗೆ ಕಳಿಸುವ ದಿನ ನಾನು ಔಷಧಿ ತರಲು ಹೋಗಿದ್ದಾಗ ಡಾಕ್ಟರು ಅವನಿಗೆ ಏನೋ ಹೇಳಿದರಂತೆ. ಊರಿಗೆ ಬಂದವನೇ ನಾದಸ್ವರವನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. "ಗಂಗನ ಮದುವೆಗೆ ಮಾಲೂರಿನ ಮೇಳದವರಿಗೆ ಹೇಳ್ಬಿಡು ಬಾವ. ಡಾಕ್ಟ್ರಮ್ಮ ಊದಬಾರದು ಅಂದವ್ರೆ."

ನಾನು ಕೂಗಾಡಿದೆ. ಆಮೇಲೆ ಅವನ ಮುಖ ನೋಡಿ ಹೂಂ ಅಂದೆ. ಗಂಗಾ ಮಾತ್ರ, "ಮಾವ ಊದದಿದ್ರೆ ನನಗೆ ಮೇಳಾನೇ ಬೇಡ" ಎಂದು ಊಟ ಬಿಟ್ಟು ಕೂತಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಒಳಗಿನ ನಳಿಗೆ ತೆಗೆಸಲು ಮತ್ತೆ ಆಸ್ಪತ್ರೆಗೆ ಹೋದೆವು. ಎಲ್ಲ ಮುಗಿದ ಮೇಲೆ ಡಾಕ್ಟರು, "ಊದಿತ್ತಾ?" ಎಂದು ಕೇಳಿದರು.

"ಇಲ್ಲ ತಾಯಿ, ಮುಟ್ಟೇ ಇಲ್ಲ. ಅಟ್ಟಕ್ಕೆ ಹಾಕ್ಬಿಟ್ಟೆ."

"ಏನನ್ನ?"

"ನಾದಸ್ವರಾನ. ಮತ್ತೆ ಊದಬಾರದು, ಊದಿದರೆ ಬಂದುಬಿಡಿ, ಆಗ ಆಪರೇಷನ್ನೇ ಗತಿ ಅಂದ್ರಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಜಮಾನ್ರೇ, ನಾನು ಹೇಳಿದ್ದು ಹೊಟ್ಟೆ ಊದೋ ವಿಷಯ. ಹೊಟ್ಟೆ ಊದಬಾರದು. ನೀವು ಆರಾಮಾಗಿ ಊದಿ."

ಮುನಿಶಾಮಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತ. ಗೂಬೆ ನನ್ಮಗನೇ, ಒಂದು ಮಾತು ಕೇಳೋಕೇನಾಗಿತ್ತು ಎಂದು ಬೈಯಲು ಹೊರಟವನು ಹೆಗಲ ಟವೆಲಿನಿಂದ ಅವನ ಮುಖ ಒರೆಸಿದೆ. ನನಗೂ ಅಳು ಬಂದಿತ್ತು.

ಮದುವೆಯಲ್ಲಿ ನಾನು ಧಾರೆ ಎರೆಯಬೇಕಿದ್ದರಿಂದ ಡೋಲು ಬೇರೆಯವರ ಕೈಯಲ್ಲಿತ್ತು. ಪುರೋಹಿತರು ಗಟ್ಟಿಮೇಳ ಅಂದದ್ದೇ ಮುನಿಶಾಮಿ ದಮ್ಮು ಕಟ್ಟಿ ಊದಿದ. ತಾಳಿಯ ಕೊನೆಯ ಗಂಟು ಬಿತ್ತು, ಅಕ್ಷತೆ ಮುಗಿಯಿತು, ಅವನು ನಿಲ್ಲಿಸಲೇ ಇಲ್ಲ. ಪುರೋಹಿತರು ಸಾಕೆಂದು ಕೈ ಎತ್ತಿದರು. ಗಂಗಾ ತಲೆ ಎತ್ತಿ ಮಾವನನ್ನು ನೋಡಿದಳು.

"ಬಿಡಿ ಸ್ವಾಮಿ, ಊದಲಿ" ಅಂದಳು.