ಸುರಂಗದ ಗೋಡೆಗೆ ತೂಗಿದ ಬುತ್ತಿ

ಕನ್ನೊಳ್ಳಿಯ ಸಿದ್ದಾರೂಢ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಬುತ್ತಿಯ ಕಥೆಯನ್ನೇ ಹೇಳಿದರು. ಕಣ್ಣೊರೆಸಿಕೊಳ್ಳುತ್ತ ಸ್ವಲ್ಪ ನಕ್ಕರು ಕೂಡ. ಬದುಕಿದ್ದರೆ ಅವನು ನಡುವೆಯೇ ತಡೆದು ಜಗಳ ತೆಗೆಯುತ್ತಿದ್ದ. ಆ ಕಥೆ ಅವನಿಗೆ ಯಾವತ್ತೂ ಸೇರಿರಲಿಲ್ಲ.

ವಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿದ ಅವನಿಗೆ ತೊಂಬತ್ತೆಂಟರಲ್ಲಿ ಸಹ್ಯಾದ್ರಿಯ ಒಂದು ಘಾಟಿನಲ್ಲಿ ಕೆಲಸ ಸಿಕ್ಕಿತು. ಗುಡ್ಡ ಕೊರೆದು ರಸ್ತೆಗೆ ಸುರಂಗ ಮಾಡುತ್ತಿದ್ದರು. ಅಲ್ಲಿನ ಬಂಡೆ ಒಂದೇ ತುಂಡಾಗಿರಲಿಲ್ಲ. ಬಡಿದ ಬೆಲ್ಲದ ಪೆಂಟಿಯಂತೆ ಎಲ್ಲೆಲ್ಲೂ ಸೀಳಿತ್ತು. ಅಂಥ ಕಡೆ ಕೊರೆದ ಮೇಲೆ ಗೋಡೆಗಳು ಕಣ್ಣಿಗೆ ಕಾಣದಷ್ಟು ಒಳಕ್ಕೆ ಸರಿಯುತ್ತವೆ. ಸರಿಯುವುದು ದಿನದಿನಕ್ಕೆ ಕಡಿಮೆಯಾದರೆ ಭಯವಿಲ್ಲ. ಹೆಚ್ಚಾದರೆ ಜನರನ್ನು ಹೊರಗೆ ಕಳಿಸಬೇಕು. ಅದನ್ನು ಕಾಯುವುದೇ ಸಿದ್ದಾರೂಢನ ಕೆಲಸ. ಎದುರುಬದುರು ಗೋಡೆಗಳಿಗೂ ಸುರಂಗದ ನೆತ್ತಿಗೂ ಬೋಲ್ಟು ಕೂರಿಸಿ, ನಡುವೆ ಉಕ್ಕಿನ ಟೇಪು ಬಿಗಿದು ದಿನಾ ಅಳೆಯುತ್ತಿದ್ದ.

ಕೊರೆಯುವ ಗ್ಯಾಂಗು ಹೂವಿನ ಹಿಪ್ಪರಗಿಯದು. ಅದರ ಮೇಸ್ತ್ರಿ ಪರಸಪ್ಪ, ಸಿದ್ದಾರೂಢನ ತಂದೆಯ ವಯಸ್ಸಿನವನು. ಅವರ ಮನೆಗಳಲ್ಲಿ ರೊಟ್ಟಿಯನ್ನು ನೆಲಕ್ಕಿಡುವ ರೂಢಿಯಿಲ್ಲ. ಇರುವೆ, ಇಲಿಗೆ ಸಿಗದಂತೆ ಮೇಲೆ ತೂಗುಬಿಡುತ್ತಾರೆ. ಸುರಂಗದಲ್ಲಿ ಕೈಗೆಟುಕುವ ಎತ್ತರದಲ್ಲಿ ಬೋಲ್ಟುಗಳು ಕಂಡವು. ಗ್ಯಾಂಗಿನ ಬುತ್ತಿಗಳೆಲ್ಲ ಒಂದೇ ಗಂಟಾಗಿ, ನೀರಿನ ಕ್ಯಾನಿನ ಸಮೇತ, ಒಂದು ಬೋಲ್ಟಿಗೆ ನೇತುಬಿದ್ದವು. ಭಾರಕ್ಕೆ ಬೋಲ್ಟು ಬಾಗಿ ತುಸು ಹೊರಗೆ ಕಿತ್ತುಬಂತು; ಟೇಪಿನ ಅಂತರ ಅಷ್ಟು ಕಡಿಮೆಯಾಯಿತು. ಊಟವಾದ ಮೇಲೆ ಟೇಪು ಬಿಗಿದ ಸಿದ್ದಾರೂಢ ಗೋಡೆ ಒಮ್ಮೆಲೇ ಒಳಗೆ ಬಂದಿದೆ ಎಂದು ಕೂಗಿ ಎಲ್ಲರನ್ನೂ ಹೊರಗೆ ಓಡಿಸಿದ. ಕೆಲಸ ನಿಂತಿತು. ಮೇಲಿನವರು ಜೀಪಿನಲ್ಲಿ ಬಂದರು. ಸೈಟಿನ ಮುಖ್ಯಸ್ಥ, ಮುದ್ದೇಬಿಹಾಳದ ಸಂಗಣ್ಣ, ಆ ಬೋಲ್ಟನ್ನು ಸವರಿ ಬೆರಳು ಮೂಸಿ ನೋಡಿದರು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆ.

"ಇವು ಅಳತಿ ಬೋಲ್ಟು ಕಾಕಾ, ಇಲ್ಲಿ ತೂಗಬ್ಯಾಡ್ರಿ," ಎಂದು ಸಿದ್ದಾರೂಢ ಗೋಗರೆದ.

"ಗುಡ್ಡ ಹಿಡಿಯೂ ಬೋಲ್ಟು ನಾಕು ರೊಟ್ಟಿ ತಡಿಯೂದಿಲ್ಲಂದ್ರ ಹ್ಯಾಂಗ್ರಿ ಸಾಹೇಬ್ರ?" ಎಂದ ಪರಸಪ್ಪ.

"ಇವು ಹಿಡಿಯೂವಲ್ಲೋ ಮಾರಾಯಾ, ನೋಡೂವು!"

ಅಂದಿನಿಂದ ಅವನ ಹೆಸರು ಬುತ್ತಿ ಸಾಹೇಬ. ಬುತ್ತಿಗಾಗಿ ಅವನೇ ಒಳಗೊಂದು ಮರದ ಗೂಟ ನೆಡಿಸಿಕೊಟ್ಟ. ಹೆಸರು ಮಾತ್ರ ಹೋಗಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ, ಸುರಂಗ ತಿರುಗುವ ಕಡೆ ಗೋಡೆ ನಿಜವಾಗಿ ಸರಿಯತೊಡಗಿತು. ಅವನು ಸಂಗಣ್ಣನವರ ಹತ್ತಿರ ಹೋದ.

"ಸರ್, ದಿನಾ ಹೆಚ್ಚಾಗಾಕತ್ತೈತಿ. ಕೆಲಸ ನಿಲ್ಲಸ್ರಿ."

"ಇವತ್ತ ಯಾರ ಬುತ್ತಿಯೋ?"

"ನಗಬ್ಯಾಡ್ರಿ. ನೆತ್ತಿ ಮ್ಯಾಲಿನ ಬೋಲ್ಟೂ ಅದನ್ನ ಹೇಳಾಕತ್ತೈತಿ. ಅಷ್ಟೆತ್ತರಕ್ಕ ಯಾರ ಕೈ ಮುಟ್ಟತೈತ್ರಿ?"

"ನೋಡ ತಮ್ಮಾ, ನಿನ್ನ ಮಾತು ಕೇಳಿ ಒಮ್ಮೆ ಎಲ್ಲಾರ ಮುಂದ ಬೈಸ್ಕೊಂಡೇನಿ. ದೊಡ್ಡ ಸಾಹೇಬ್ರು ನಾಡಿದ್ದು ಬರ್ತಾರ, ಅವರ ಮುಂದ ಹೇಳು."

ಎಷ್ಟು ಸರಿದಿದೆ ಎಂದು ಅವರು ಕೇಳಲಿಲ್ಲ. ಸಿದ್ದಾರೂಢ ಪರಸಪ್ಪನ ಬಳಿ ಬಂದ. ಅವನೂ ಕೇಳಲಿಲ್ಲ.

"ನಮ್ಮ ಕರಿ ಎರಿಮಣ್ಣಿನ ಹೊಲ ಬ್ಯಾಸಗ್ಯಾಗ ಕಾಲು ಇಳಿಯೂವಷ್ಟು ಬಿರಕು ಬಿಡ್ತೈತಿ, ಮಳಿ ಬಿದ್ರ ತಾನ ಕೂಡ್ತೈತಿ. ನೆಲ ಅಂದ್ಮ್ಯಾಲೆ ಅಲಗಾಡತೈತ್ರಿ. ಅದಕ್ಯಾಕ ಇಷ್ಟ ಅಂಜ್ತೀರಿ?"

"ಇದು ಎರಿ ಅಲ್ಲ ಕಾಕಾ, ಕಲ್ಲು. ಕಲ್ಲು ತಿರುಗಿ ಕೂಡೂದಿಲ್ಲ."

ಪರಸಪ್ಪ ನಕ್ಕು ಒಳಗೆ ಹೋದ.

ಮರುದಿನ ಸಿದ್ದಾರೂಢನಿಗೆ ತಡೆಯಲಾಗಲಿಲ್ಲ. ಗೂಟದಿಂದ ಬುತ್ತಿಗಳನ್ನೆಲ್ಲ ಬಿಚ್ಚಿ, ಸುರಂಗದ ಹೊರಗಿನ ತಗಡಿನ ಶೆಡ್ಡಿಗೆ ಒಯ್ದು ಕಾವಲು ಕೂತ. ಹಸಿದ ಗ್ಯಾಂಗು ಬೈಯುತ್ತ ಹೊರಗೆ ಬಂತು.

"ಉಣ್ಣೂ ರೊಟ್ಟಿ ಕದೀತೀಯಲ್ಲೋ, ಇದನ್ನ ಕಲಿಸ್ಯಾಳೇನು ನಿಮ್ಮವ್ವ?" ಪರಸಪ್ಪನ ಬಾಯಿಂದ 'ಸಾಹೇಬ್ರ' ಎಂಬ ಮರ್ಯಾದೆಯೂ ಉದುರಿತ್ತು.

ಬೈಯುತ್ತಲೇ ಕೂತು ರೊಟ್ಟಿ ಮುರಿದರು. ಊಟ ಮುಗಿದಿರಲಿಲ್ಲ, ಸುರಂಗದ ಬಾಯಿಂದ ಧೂಳು ನುಗ್ಗಿ ಬಂತು. ತಿರುವಿನ ಗೋಡೆ ಕುಸಿದಿತ್ತು. ಒಳಗೆ ಯಾರೂ ಇರಲಿಲ್ಲ.

ಪರಸಪ್ಪ ಅವನನ್ನು ತಬ್ಬಿಕೊಂಡು ಅತ್ತ. "ರೊಟ್ಟಿ ಉಳಿಸ್ತೋ ತಮ್ಮಾ, ರೊಟ್ಟಿ ಉಳಿಸ್ತು!"

"ರೊಟ್ಟಿ ಅಲ್ಲೋ ಕಾಕಾ, ಅಳತಿ! ಬಡಕೊಳ್ಳಾಕತ್ತಿದ್ದೆನಲ್ಲೋ!"

ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಗ್ಯಾಂಗು ರೊಟ್ಟಿಗೆ ಕೈಮುಗಿಯಿತು. ಸಂಗಣ್ಣನವರು ಮಳೆಯನ್ನು ದೂರಿದರು. ಕಲ್ಲುಮಣ್ಣು ತೆಗೆದು ಮತ್ತೆ ಕೊರೆಯತೊಡಗಿದಾಗ, ಅವನ ಅಳತೆಗೆ ಮತ್ತೆ ಅದೇ ಪ್ರಶ್ನೆ: ಯಾರ ಬುತ್ತಿ? ಇಷ್ಟು ಜನ ಉಳಿದದ್ದಕ್ಕೆ ಸಂತೋಷ ಪಡು ಎಂದವರಿಗೆ ಅವನು ಹೇಳುತ್ತಿದ್ದ: "ಮುಂದಿನ ಸಲ ಊಟದ ಹೊತ್ತಿಗೇ ಬೀಳತೈತೇನು?" ವರ್ಷ ತುಂಬುವ ಮೊದಲೇ ಆ ಕೆಲಸ ಬಿಟ್ಟು ಸಿಂದಗಿಗೆ ಬಂದ. ಸಣ್ಣಪುಟ್ಟ ರಸ್ತೆ ಕೆಲಸ ನೋಡಿಕೊಂಡಿದ್ದ. ಮದುವೆ ಮನೆಗಳಲ್ಲಿ ಯಾರಾದರೂ ಬುತ್ತಿಯ ಮಾತು ತೆಗೆದರೆ ಎಲೆ ಬಿಟ್ಟು ಏಳುತ್ತಿದ್ದ.

ಎರಡು ಸಾವಿರದ ಆರರಲ್ಲಿ, ನಲವತ್ತು ತುಂಬುವ ಮೊದಲೇ, ಎದೆನೋವೆಂದು ಕೂತವನು ಏಳಲಿಲ್ಲ.

ಸಾವಿನ ಮನೆಗೆ ಬುತ್ತಿ ತರುವುದು ನಮ್ಮ ಕಡೆಯ ಪದ್ಧತಿ. ಪರಸಪ್ಪನೂ ತಂದಿದ್ದ. ಸಿದ್ದಾರೂಢನ ಹೆಂಡತಿ ರಾಜೇಶ್ವರಿ ಗೋಡೆಯ ಗೂಟ ತೋರಿಸಿದಳು. ಮುದುಕ ಅದನ್ನು ನೋಡಿದ, ತೂಗುಹಾಕಲಿಲ್ಲ. ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತ.

"ಯವ್ವಾ, ಅವತ್ತ ಗ್ವಾಡಿ ಎಷ್ಟು ಸರದಿತ್ತಂತ? ನಿನ್ನ ಮುಂದ ಏನರ ಹೇಳಿದ್ನೇನು?"

ರಾಜೇಶ್ವರಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.